ದೊಡ್ಡ ಹಳಿ, ಸಣ್ಣ ಹಳಿ

ಹೋದ ವಾರ ನಾಗಮಂಗಲದ ಕಡೆಯವರೊಬ್ಬರು ಹಳೆಯ ಮನೆಯ ಬಾಗಿಲಿನ ಹಿತ್ತಾಳೆ ಕೀಲುಗಳನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಬಂದರು. ಬೆಳ್ಳೂರು ಕ್ರಾಸಿನಲ್ಲಿ ನನ್ನದು ಗ್ರಿಲ್ಲು, ಗೇಟು ಮಾಡುವ ಸಣ್ಣ ಶೆಡ್ಡು. ಹಿತ್ತಾಳೆ ಕೆಲಸ ಬರುವುದು ಕಡಿಮೆ. ಕೀಲಿನ ಒಂದು ಮೂಲೆ ಎದ್ದಿದೆ, ಬಾಗಿಲು ಸರಿಯಾಗಿ ಕೂರುತ್ತಿಲ್ಲ, ಚೂರು ತೀಡಿಕೊಡಿ ಅಂದರು. ಗ್ರೈಂಡರಿನ ಸ್ವಿಚ್ಚು ಒತ್ತಿ ಕೀಲಿಗೆ ತಾಗಿಸಿದೆ, ಅಷ್ಟೆ. ಕಬ್ಬಿಣ ತೀಡಿದಾಗ ಬರುವ ಸುಟ್ಟ ವಾಸನೆ ಮೂಗಿಗೆ ಅಭ್ಯಾಸವಾಗಿ ಈಗ ಗೊತ್ತೇ ಆಗುವುದಿಲ್ಲ. ಹಿತ್ತಾಳೆಯದು ಹಾಗಲ್ಲ. ಬಾಯಲ್ಲಿ ನಾಣ್ಯ ಇಟ್ಟುಕೊಂಡ ಹಾಗೆ ನಾಲಿಗೆಯ ಬುಡದಲ್ಲಿ ಒಗರು ಬಿಡುತ್ತದೆ... ಸ್ವಿಚ್ಚು ಆರಿಸಿ, ಇದು ನನ್ನ ಕೈಲಿ ಆಗುವುದಿಲ್ಲ, ಬೇರೆ ಕಡೆ ತೋರಿಸಿ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಇಷ್ಟು ಸಣ್ಣ ಕೆಲಸಕ್ಕೆ ಇವನಿಗೇನು ಬಂತು ಅನ್ನಿಸಿರಬೇಕು.

ಆ ವಾಸನೆ ನನಗೆ ಅಣ್ಣನ ಹಿತ್ತಲಿನದು.

ನಾನು ಓದಿದವನಲ್ಲ. ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ವೆಲ್ಡಿಂಗ್ ಕಲಿಯಲು ಹೋದವನು. ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಬಾಯಲ್ಲಿ ಹೇಳಲು ಹೋದಾಗಲೆಲ್ಲ ಮಾತು ಬೇರೆ ಕಡೆ ತಿರುಗಿಬಿಡುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಅರಕೆರೆಯಲ್ಲಿ ಮನೆ. ಅಲ್ಲಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ, ಹೊಳೆ ಪಕ್ಕದ ಒಂದು ಬಂಗಲೆಯಲ್ಲಿ ತೋಟದ ಕೆಲಸ ಮಾಡುತ್ತಿದ್ದ. ಸಾಯಂಕಾಲದ ಹೊತ್ತು ಇನ್ನೂ ಎರಡು ಮೂರು ಮನೆಗಳಲ್ಲಿ ಗಿಡ ಕತ್ತರಿಸಿ ಬರುತ್ತಿದ್ದ. ಬೇಲಿ ಗಿಡ ಸಮನಾಗಿ ಕತ್ತರಿಸಬೇಕಾದರೆ ಬೇರೆಯವರು ಎರಡು ಗೂಟ ನೆಟ್ಟು ದಾರ ಎಳೆದು ಕಟ್ಟುತ್ತಾರೆ. ಅಣ್ಣ ದಾರ ಕಟ್ಟುತ್ತಿರಲಿಲ್ಲ. ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ, ಬಂದು ಕತ್ತರಿ ಹಾಕುತ್ತಿದ್ದ. ಬೇಲಿಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆದ ಹಾಗಿರುತ್ತಿತ್ತು. ಅವನಿಗೆ ಅದೊಂದು ಜಂಬ. ಬೇರೆ ಜಂಬ ಪಡುವುದಕ್ಕೆ ನಮ್ಮ ಮನೆಯಲ್ಲಿ ಏನೂ ಇರಲಿಲ್ಲ.

ಬಂಗಲೆಯ ಸಾಹೇಬರು ಹೊರದೇಶದಲ್ಲಿ ಎಂಜಿನಿಯರಾಗಿ ದುಡಿದು ಬಂದವರು. ಅವರಿಗೆ ರೈಲಿನ ಹುಚ್ಚು. ತೋಟದ ಸುತ್ತ ಹಿತ್ತಾಳೆ ಹಳಿ ಹಾಕಿಸಿ, ಮೊಳದುದ್ದದ ಎಂಜಿನ್ನೊಂದನ್ನು ಗುಲಾಬಿ ಪಾತಿಗಳ ನಡುವೆ ಓಡಿಸುತ್ತಿದ್ದರು. ಎಂಜಿನ್ನಿನ ಹಿಂದಿನ ಡಬ್ಬಿಯೊಳಗೆ ಬ್ಯಾಟರಿ. ಹಳಿಯ ಮೇಲೆ ಬಿದ್ದ ಎಲೆ ಗುಡಿಸುವುದು, ಮಳೆ ಬಂದಾಗ ಕುಸಿದ ಜಾಗ ಎತ್ತುವುದು ಅಣ್ಣನ ಪಾಲಿನ ಕೆಲಸ. ಸಾಹೇಬರು ತೀರಿಕೊಂಡರು. ತೋಟದ ಅರ್ಧ ಜಾಗ ಮಾರಾಟವಾಯಿತು. ಅಗೆಯುವವರು ಅಗೆದರು, ಆ ಕಡೆಯ ಹಳಿಗಳೆಲ್ಲ ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಮಿಕ್ಕ ರೈಲನ್ನು ಮನೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಇಡುತ್ತೇನೆ ಅಂತ ಅವರ ಮಗ ಅಂದನಂತೆ. ಸಾಹೇಬರ ಹೆಂಡತಿ, ಅಮ್ಮಾವ್ರು, ಒಪ್ಪಲಿಲ್ಲ. ಅಣ್ಣನನ್ನು ಕರೆದು, "ಇದು ಓಡೋ ವಸ್ತು ಕಣಪ್ಪ. ಓಡ್ತಾ ಇರೋವರ್ಗೂ ನಿಂದು," ಅಂದರಂತೆ. ಓಡದೆ ಇದ್ದರೆ ನಾನು ಬಂದು ತಗೊಂಡು ಹೋಗುತ್ತೇನೆ ಅಂತ ಮಗ ನಗುನಗುತ್ತಲೇ ಸೇರಿಸಿದನಂತೆ. ಅಣ್ಣ ಇದನ್ನು ನನಗೆ ಎಷ್ಟು ಸಲ ಹೇಳಿದನೋ. ಪ್ರತಿ ಸಲವೂ ಮಗ ನಕ್ಕ ಮಾತು ಬಂದಾಗ ಅವನ ಮುಖ ಗಟ್ಟಿಯಾಗುತ್ತಿತ್ತು.

ಹೀಗೆ ಆ ರೈಲು ಅರಕೆರೆಗೆ ಬಂತು, ನನ್ನ ಗ್ರಹಚಾರವೂ ಬಂತು.

ಅವನು ತಂದದ್ದು ಎಂಜಿನ್ನು, ಮೂರು ಡಬ್ಬಿ, ಎರಡು ಥರದ ಹಳಿ. ತೋಟದಲ್ಲಿ ಉಳಿದಿದ್ದವು ದೊಡ್ಡ ಹಳಿಗಳು, ಎಲ್ಲವೂ ನೇರದವು. ತಿರುವಿನವೇ ಕಳೆದುಹೋಗಿದ್ದವು. ಸಾಹೇಬರು ಮುಂದೆ ಯಾವಾಗಲೋ ಹಾಕೋಣ ಅಂತ ತರಿಸಿ ಪೆಟ್ಟಿಗೆಯಲ್ಲೇ ಬಿಟ್ಟಿದ್ದ ಇನ್ನೊಂದು ಕಂತೆ ಇತ್ತು, ಅವು ಸಣ್ಣ ಹಳಿಗಳು. ಎರಡು ಥರದವಕ್ಕೂ ನಡುವಿನ ಅಗಲ ಒಂದೇ, ಮೂರು ಬೆರಳು. ಗಾಲಿ ಎರಡರ ಮೇಲೂ ಕೂರುತ್ತದೆ. ಎತ್ತರ ಮಾತ್ರ ಬೇರೆ. ದೊಡ್ಡದರ ಪಕ್ಕ ಸಣ್ಣದನ್ನು ಇಟ್ಟರೆ ಒಂದು ರಾಗಿ ಕಾಳಿಗಿಂತ ಚೂರು ಹೆಚ್ಚು ತಗ್ಗು. ಆ ಒಂದು ರಾಗಿ ಕಾಳು ನನ್ನ ಪ್ರಾಣ ತಿಂದಷ್ಟು ನನ್ನ ಹೆಂಡತಿ ಮಕ್ಕಳೂ ತಿಂದಿಲ್ಲ.

ಸಣ್ಣದನ್ನಷ್ಟೇ ಹಾಕಿ ಒಂದು ಪುಟ್ಟ ಸುತ್ತು ಮಾಡಿ ಮುಗಿಸು ಅಂದೆ. ಕೇಳಲಿಲ್ಲ. ಸಾಹೇಬರು ಓಡಿಸಿದ ಹಳಿ ಮೂಲೆಯಲ್ಲಿ ಬಿದ್ದಿರಬಾರದು ಅಂದ. ನೇರಕ್ಕೆ ದೊಡ್ಡದು, ತಿರುವಿಗೆ ಸಣ್ಣದು ಅಂತ ತೀರ್ಮಾನ ಮಾಡಿದ. ಹಿತ್ತಲಿನ ಉದ್ದಕ್ಕೆ ಎರಡು ನೇರ, ತುದಿಗಳಲ್ಲಿ ಎರಡು ತಿರುವು. ಅಂದರೆ ದೊಡ್ಡದೂ ಸಣ್ಣದೂ ಸೇರುವ ಜಾಗ ನಾಲ್ಕು, ಜಾಗಕ್ಕೆ ಎರಡರಂತೆ ಎಂಟು ಜೋಡಣೆ. ಒಂದೊಂದು ಜೋಡಣೆಗೂ ನಡುವೆ ಮೆಟ್ಟಿಲಿರುವ ಹಿತ್ತಾಳೆ ಪಟ್ಟಿಯನ್ನು ನಾನು ಮಾಡಿಕೊಡಬೇಕು. ಮೇಲೆ ಎರಡು ತಲೆಯೂ ಸಮ ಬರುವ ಹಾಗೆ ಸಣ್ಣ ಹಳಿಯ ಕೆಳಗೆ ಅವನು ಹಳೆಯ ಸೈಕಲ್ ಟ್ಯೂಬಿನ ತುಂಡು ಕೊಟ್ಟು ಎತ್ತಬೇಕು. ಮೊದಲ ದಿನವೇ ನನಗೆ ಬೇಜಾರಾಗಿ, ಇಷ್ಟೆಲ್ಲ ಯಾಕೆ, ದೊಡ್ಡದರ ತುದಿಯನ್ನು ಇಳಿಜಾರಾಗಿ ತೀಡಿಬಿಟ್ಟರೆ ಆಯಿತಲ್ಲ ಅಂದಿದ್ದೆ. ಅವನು ಕೂತಲ್ಲಿಂದಲೇ ಹಳಿಯ ತುಂಡೊಂದನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದ. ಹಳಿಗೆ ಮೇಲೆ ಅಗಲವಾದ ತಲೆ, ನಡುವೆ ತೆಳ್ಳನೆ ಸೊಂಟ, ಕೆಳಗೆ ಪಾದ.

"ಸಣ್ಣದನ್ನ ಎತ್ಬೇಕು ಕಣ್ಲಾ. ದೊಡ್ಡದರ ತಲೆ ಮುಟ್ಬ್ಯಾಡ. ಗಾಲಿ ತಬ್ಕಂಡು ಓಗೋದೇ ಆ ತಲೇನ. ಅದನ್ನ ತೀಡ್ಬುಟ್ರೆ ಬರೀ ಸೊಂಟ ಉಳೀತದೆ, ಗಾಲಿ ಒಳೀಕ್ ಬಿದ್ದೋಯ್ತದೆ."

ಹೂಂ ಅಂದೆ. ಹೂಂ ಅನ್ನುವುದಕ್ಕೆ ನನಗೇನು ಕಷ್ಟ.

ಮೆಟ್ಟಿಲು ಪಟ್ಟಿ ಒಂದೇ ಸಲಕ್ಕೆ ಮುಗಿಯುವ ಕೆಲಸ ಅಂದುಕೊಂಡಿದ್ದೆ. ಆಗಲಿಲ್ಲ. ಅರಕೆರೆಯ ನೆಲ ನಾಲೆಯ ನೆಲ. ನಾಲೆಗೆ ನೀರು ಬಿಟ್ಟರೆ ಗದ್ದೆ ತುಂಬುವುದರ ಜೊತೆಗೆ ಹಿತ್ತಲೂ ಒಳಗೊಳಗೇ ನೆನೆದು ಉಬ್ಬುತ್ತದೆ, ನೀರು ನಿಲ್ಲಿಸಿದರೆ ಕುಗ್ಗುತ್ತದೆ. ಅದರ ಜೊತೆ ಹಳಿ ಏಳುತ್ತದೆ, ಕೂರುತ್ತದೆ. ಅದು ಸಾಲದು ಅಂತ ಅತ್ತಿಗೆಯ ಕೋಳಿಗಳು. ಹಳಿಯ ಕೆಳಗೆ ಹಾಕಿದ ಸಣ್ಣ ಜಲ್ಲಿಯನ್ನು ಅವು ಬೆಳಗಿನಿಂದ ಸಂಜೆಯವರೆಗೆ ಕೆದರುವುದು, ಅಣ್ಣ ಬಂದು ಮತ್ತೆ ತುಂಬುವುದು. ಕೋಳಿ ಕಟ್ಟಿಹಾಕು ಅಂದರೆ ಅತ್ತಿಗೆ, ನನ್ನ ಸೀರೆ ಒಣಗಿ ಹಾಕುವುದಕ್ಕೆ ಜಾಗ ಬಿಟ್ಟಿಲ್ಲ, ಈಗ ಕೋಳಿಗೂ ಬೇಡವೋ, ನಿಮ್ಮ ರೈಲನ್ನೇ ಕಟ್ಟಿಹಾಕಿಕೊಳ್ಳಿ ಅನ್ನುತ್ತಿದ್ದರು. ಬೇಲಿ ಆಚೆ ಹಾದುಹೋಗುವವರು ಮೈಸೂರು ಗಾಡಿ ಹೋಯಿತೇ ಅಂತ ಕೇಳುತ್ತಿದ್ದರು. ಅಣ್ಣ ತಲೆ ಎತ್ತದೆ, ಲೇಟು ಅನ್ನುತ್ತಿದ್ದ.

ಒಂದು ಜೋಡಣೆ ಕುಸಿದರೆ ನನಗೆ ಫೋನು. "ಲೇ, ಕರಿಬೇವಿನ ಗಿಡದ ತಾವಿಂದು ಮತ್ತೆ ಕುಂತ್ಬುಟ್ಟದೆ. ಪಟ್ಟಿ ತಗಂಡ್ ಬಾರ್ಲಾ." ನಾನು ಅಂಗಡಿ ಮುಚ್ಚಿ ಬೆಳ್ಳೂರು ಕ್ರಾಸಿನಿಂದ ನಾಗಮಂಗಲ, ಅಲ್ಲಿಂದ ಪಾಂಡವಪುರ, ಅಲ್ಲಿಂದ ಶ್ರೀರಂಗಪಟ್ಟಣ, ಮತ್ತೆ ಅರಕೆರೆ ಬಸ್ಸು. ರಾಗಿ ಕಾಳಿನಷ್ಟು ದಪ್ಪದ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಒಬ್ಬ ದುಡಿಯುವ ಗಂಡಸು ನಾಲ್ಕು ಬಸ್ಸು ಹತ್ತಿ ಇಳಿಯುವುದು ಯಾರಿಗಾದರೂ ಹೇಳಿಕೊಳ್ಳುವ ಮಾತೇ? ಹೋದರೆ ಅವನು ಅರ್ಧ ದಿನ ಆ ಒಂದೇ ಜಾಗದ ಮುಂದೆ ಕೂರುತ್ತಿದ್ದ. ಕೆನ್ನೆಯನ್ನು ನೆಲಕ್ಕೆ ಒತ್ತಿ ಒಂದು ಕಣ್ಣು ಮುಚ್ಚಿ ನೋಡುವುದು, ಟ್ಯೂಬಿನ ತುಂಡು ಸೇರಿಸುವುದು, ತೆಗೆಯುವುದು, ಹಳಿಯ ತಲೆಯ ಮೇಲೆ ಬೆರಳು ಎಳೆಯುವುದು. ಸಾಕು ಅಣ್ಣ ಅಂದರೆ ಇನ್ನೊಂದು ಚೂರು ಅನ್ನುವುದು. ಅವನ ಇನ್ನೊಂದು ಚೂರಿಗೆ ಕೊನೆ ಇರಲಿಲ್ಲ. ಇಷ್ಟೆಲ್ಲ ಆದ ಮೇಲೂ ರೈಲು ಯಾವತ್ತೂ ಕೈ ಆಸರೆಯಿಲ್ಲದೆ ಒಂದು ಸುತ್ತು ಪೂರ್ತಿ ಬಂದಿರಲಿಲ್ಲ. ಮೂರು ಜಾಗ ಸರಿಯಾಗುವ ಹೊತ್ತಿಗೆ ನಾಲ್ಕನೆಯದು ಕೈ ಕೊಡುತ್ತಿತ್ತು.

ಅಷ್ಟರಲ್ಲಿ ಅಮ್ಮಾವ್ರು ಹೇಳಿ ಕಳಿಸಿದರು. ಬೆಂಗಳೂರಿನಿಂದ ಮಗ ಬಂದಾಗ ಅರಕೆರೆಗೆ ಬರುತ್ತೇವೆ, ರೈಲು ಓಡುವುದನ್ನು ನೋಡಬೇಕು ಅಂತ. ಅಣ್ಣ ಊಟ ಮಾಡುವಾಗಲೂ ಹಿತ್ತಲಿನ ಬಾಗಿಲ ಕಡೆಗೇ ತಿರುಗಿ ಕೂರತೊಡಗಿದ.

ಅದೇ ಹೊತ್ತಿಗೆ ಅತ್ತಿಗೆಯ ಚಿಕ್ಕಪ್ಪನ ತಿಥಿ ಬಂತು. ಕೆ.ಆರ್. ಪೇಟೆ ಕಡೆ, ಹೇಮಗಿರಿ ಹತ್ತಿರದ ಊರು. ಇಬ್ಬರೂ ಹೋಗಿ ಒಂದು ರಾತ್ರಿ ಉಳಿದು ಬರಬೇಕು. ಕೋಳಿ ನೋಡಿಕೊಳ್ಳುವುದಕ್ಕೆ ನನ್ನನ್ನು ಕರೆಸಿಕೊಂಡ. ಹೋಗುವಾಗ ಮತ್ತೆ ಬಾಗಿಲಿಗೆ ಬಂದು, ಹಳಿ ಮುಟ್ಟಬೇಡ, ಬಂದು ನಾನೇ ಮಾಡುತ್ತೇನೆ ಅಂದ. ಹಾಗೆ ಹೇಳಿದ್ದೇ ನನಗೆ ಚುಚ್ಚಿತು. ನಾನು ಗೇಟು ಮಾಡುವವನು. ನನ್ನ ಗೇಟುಗಳು ಕ್ರಾಸಿನಿಂದ ನಾಗಮಂಗಲದವರೆಗೆ ನಿಂತಿವೆ. ಒಂದು ಆಟದ ರೈಲಿನ ಹಳಿ ಮುಟ್ಟಬಾರದಂತೆ.

ಬೆಳಿಗ್ಗೆ ಎದ್ದು ಕೋಳಿ ಬಿಟ್ಟೆ. ಅವು ನೇರ ಹೋಗಿ ಹಳಿಯ ಜಲ್ಲಿ ಕೆದರಿದವು. ಒಂದು ಜೋಡಣೆಯ ಟ್ಯೂಬಿನ ತುಂಡು ಹೊರಕ್ಕೆ ಬಂತು. ಅದನ್ನು ನೋಡುತ್ತ ನಿಂತೆ... ಪಟ್ಟಿ ತೀಡುವುದಕ್ಕೆ ಅಂತ ತಂದಿದ್ದ ಗ್ರೈಂಡರು ಚೀಲದಲ್ಲಿತ್ತು. ಅಡಿಗೆ ಮನೆಯ ಪ್ಲಗ್ಗಿನಿಂದ ವೈರು ಎಳೆದೆ. ಟ್ಯೂಬಿನ ತುಂಡುಗಳನ್ನೆಲ್ಲ ಕಿತ್ತು, ಪಟ್ಟಿಯ ಮೆಟ್ಟಿಲು ಬಡಿದು ನೇರ ಮಾಡಿ, ಸಣ್ಣ ಹಳಿಯನ್ನು ನೆಲಕ್ಕೆ ಕೂರಿಸಿದೆ. ಆಮೇಲೆ ಎಂಟು ಕಡೆಯೂ ದೊಡ್ಡ ಹಳಿಯ ತಲೆಯನ್ನು ತುದಿಯಿಂದ ಒಂದು ಗೇಣಿನಷ್ಟು ಇಳಿಜಾರಾಗಿ ತೀಡಿದೆ. ಹಿತ್ತಾಳೆಗೆ ಕಿಡಿ ಹಾರುವುದಿಲ್ಲ. ಹಳದಿ ಪುಡಿ ಜಲ್ಲಿಯ ಮೇಲೆ ಉದುರುತ್ತಿತ್ತು, ಆ ಒಗರು ವಾಸನೆ ಹಿತ್ತಲಿಡೀ. ಊಟದ ಹೊತ್ತಿಗೆ ಎಲ್ಲ ಮುಗಿಯಿತು. ತೀಡಿದ ಜಾಗ ಹೊಳೆಯುತ್ತಿತ್ತು. ಹೊಳಪು ಕಾಣದ ಹಾಗೆ ಮಣ್ಣು ನೀರು ಕಲಸಿ ಬಳಿದೆ. ಹಾಗೆ ಬಳಿಯುವಾಗಲೇ ನನಗೆ ಗೊತ್ತಿತ್ತು, ಇದು ಅವನಿಗೆ ತಿಳಿಯಬಾರದು ಅಂತ ಬಳಿಯುತ್ತಿದ್ದೇನೆ ಅಂತ.

ರೈಲು ಬಿಟ್ಟೆ. ಕರಿಬೇವಿನ ಗಿಡ ದಾಟಿತು, ಬಟ್ಟೆ ಒಗೆಯುವ ಕಲ್ಲು ದಾಟಿತು, ಮತ್ತೆ ನನ್ನ ಮುಂದೆ ಬಂತು. ಎಲ್ಲೂ ಕುಲುಕಲಿಲ್ಲ. ಕೋಳಿಗಳು ಪಕ್ಕಕ್ಕೆ ಸರಿದವು. ನಾನು ಒಗೆಯುವ ಕಲ್ಲಿನ ಮೇಲೆ ಕೂತು ಒಬ್ಬನೇ ನಕ್ಕೆ. ಇಷ್ಟೇ ಕೆಲಸ. ಇಷ್ಟಕ್ಕೆ ಇಷ್ಟು ತಿಂಗಳು.

ಅದೇ ಸಂಜೆ ಅಣ್ಣ, ಅತ್ತಿಗೆ ಬಂದರು. ಅಣ್ಣ ಕಾಲು ತೊಳೆಯದೆ ಹಿತ್ತಲಿಗೆ ನಡೆದ. ರೈಲು ಬಿಟ್ಟು ತೋರಿಸಿದೆ. ಒಂದು ಸುತ್ತು, ಎರಡು ಸುತ್ತು. ಅವನು ಕೂತು ಒಂದು ಜೋಡಣೆಯ ಮೇಲೆ ಬೆರಳು ಎಳೆದ. ಬೆರಳಿಗೆ ತಲೆ ಸಮನಾಗೇ ಸಿಕ್ಕಿತು. ಹೆಂಗ್ ಮಾಡ್ದೆ ಅಂತ ಕೇಳಿದ. ನೀನು ಹೇಳಿದ ಹಾಗೇ, ಕೆಳಗಿನಿಂದ ಎತ್ತಿದೆ ಅಂದೆ. ಅವನು ಒಳಗೆ ತಿರುಗಿ ಅತ್ತಿಗೆಯನ್ನು ಕೂಗಿ, "ನೋಡ್ಬಾ ಇಲ್ಲಿ, ನನ್ ತಮ್ಮ ನಂಗಿಂತ ಚೆಂದಾಗಿ ಮಾಡವ್ನೆ," ಅಂದ.

ಆ ಮಾತು ಅವನು ಆಡದಿದ್ದರೆ ಆ ಗಳಿಗೆಯಲ್ಲೇ ಹೇಳಿಬಿಡುತ್ತಿದ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಹೇಳುತ್ತಿರಲಿಲ್ಲ.

ನಾಲೆಗೆ ನೀರು ಬಿಟ್ಟರು. ನೆಲ ಉಬ್ಬಿತು. ಹಳಿಗಳು ಒಂದರಿಂದೊಂದು ಕೂದಲೆಳೆಯಷ್ಟು ದೂರವಾದವು. ತಲೆ ಅಗಲವಿದ್ದಿದ್ದರೆ ಅಷ್ಟನ್ನು ತಡೆದುಕೊಳ್ಳುತ್ತಿತ್ತು. ನಾನು ಉಳಿಸಿದ್ದು ಸೊಂಟ ಮಾತ್ರ. ಕರಿಬೇವಿನ ಗಿಡದ ಹತ್ತಿರ ಎಂಜಿನ್ನಿನ ಮುಂದಿನ ಗಾಲಿ ಹಳಿಗಳ ನಡುವೆ ಬಿತ್ತು. ಎತ್ತಿಟ್ಟರೆ ಮತ್ತೆ ಬಿತ್ತು. ಅವನು ಮೊದಲ ದಿನವೇ ಎಚ್ಚರಿಸಿದ್ದ ಹಾಗೇ ಬಿತ್ತು, ನಾನು ಮಾತ್ರ ಕೇಳಿಸಿಕೊಂಡಿರಲಿಲ್ಲ.

ಇಲ್ಲಿ ನನಗೆ ಅಣ್ಣನ ಮೇಲೆ ಈಗಲೂ ಸಿಟ್ಟು ಬರುತ್ತದೆ. ಒಂದು ಸಲ, ಒಂದೇ ಒಂದು ಸಲ ಆ ಮಣ್ಣು ಒರೆಸಿ ಹಳಿಯ ತಲೆ ನೋಡಬಾರದಿತ್ತೇ ಅವನು? ಊರಿನವರ ಬೇಲಿಯಲ್ಲಿ ಒಂದು ಎಲೆ ಹೆಚ್ಚಿದ್ದರೆ ಕಾಣುತ್ತಿದ್ದವನಿಗೆ ಇದು ಕಾಣಲಿಲ್ಲ. ಯಾಕೆಂದರೆ ಜೋಡಣೆ ಮಾಡಿದ್ದು ತಮ್ಮ. ತಮ್ಮ ಮಾಡಿದ್ದು ಸರಿಯಿದೆ, ಆದ್ದರಿಂದ ನೆಲದ ಮಟ್ಟ ನೋಡಿದ ತನ್ನದೇ ತಪ್ಪಿರಬೇಕು ಅಂತ ಲೆಕ್ಕ ಹಾಕಿದ. ನನ್ನ ಜೋಡಣೆಗಳಿಗೆ ಕೈ ಹಾಕದೆ ಉಳಿದ ಕಡೆಯೆಲ್ಲ ಜಲ್ಲಿ ತೆಗೆದು ತುಂಬಿದ. ಸ್ಟೀಲ್ ತಟ್ಟೆಯಲ್ಲಿ ನೀರು ಹಾಕಿ ಹಳಿಗಳ ಮೇಲಿಟ್ಟು ನೋಡಿದ. ನೀರು ಒಂದು ಕಡೆಗೂ ವಾಲಲಿಲ್ಲ. ಆದರೂ ಗಾಲಿ ಬೀಳುತ್ತಿತ್ತು. ಬಿಸಿಲಲ್ಲಿ ಮಂಡಿ ಊರಿ ಊರಿ ಚರ್ಮ ಕಪ್ಪಾಯಿತು. ಅತ್ತಿಗೆ ಬೈದು ಬೈದು ಸುಮ್ಮನಾದರು.

ಒಂದು ಭಾನುವಾರ ನಾನು ಹೋದಾಗ ಅವನು ಕೆನ್ನೆ ನೆಲಕ್ಕಿಟ್ಟು ಮಲಗಿದ್ದ. ನನ್ನನ್ನೂ ಪಕ್ಕದಲ್ಲಿ ಮಲಗಿ ನೋಡು ಅಂದ. ಮಲಗಿದೆ. ಗೇಣುದ್ದಕ್ಕೆ ಹರಡಿದ ನನ್ನ ಇಳಿಜಾರು ಕಣ್ಣಿಗೆ ಸಿಗುತ್ತಿರಲಿಲ್ಲ, ಹಳಿಯ ಮೇಲ್ಗೆರೆ ಉದ್ದಕ್ಕೆ ಒಂದೇ ಸಮ ಕಾಣುತ್ತಿತ್ತು. ಯಾರು ನೋಡಿದರೂ ಸಮವೇ.

"ನಂಗೆ ಸಮ ಕಾಣ್ತದೆ ಕಣ್ಲಾ. ನಿಂಗೆ?" ಅಂದ.

ಅವನು ಮಟ್ಟ ಸರಿಯಿದೆ ಅಂತ ನಂಬಿದರೆ ಮುಂದೆ ನೋಡುವುದು ಜೋಡಣೆಯನ್ನೇ. ಅದು ನನಗೆ ಹೊಳೆಯಿತು. ಎಷ್ಟು ಬೇಗ ಹೊಳೆಯಿತು ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. "ಇಲ್ಲ ಅಣ್ಣ, ಅಲ್ಲಿ ಚೂರು ತಗ್ಗು ಕಾಣ್ತದೆ," ಅಂದೆ.

ಅವನು ಇನ್ನೊಂದು ಸಲ ನೋಡಿದ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಅವನಿಗೆ ತಗ್ಗು ಕಾಣಲಿಲ್ಲ, ಇಲ್ಲದ ತಗ್ಗು ಹೇಗೆ ಕಂಡೀತು... ಎದ್ದು ಕೂತ. ಆಮೇಲೆ ನನ್ನ ಬೆರಳು ತೋರಿಸಿದ ಕಡೆ ಜಲ್ಲಿ ತುಂಬಿದ. ಸರಿಯಿದ್ದ ಜಾಗ ಅದರಿಂದ ಕೆಟ್ಟಿತು.

ಅಮ್ಮಾವ್ರು ಬಂದ ದಿನ ಹಿತ್ತಲಿಗೆ ಸಗಣಿ ನೀರು ಚಿಮುಕಿಸಿದ್ದರು. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿದ್ದರು. ಅತ್ತಿಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅಮ್ಮಾವ್ರು ಕೂತರು, ಮಗ ಕೂರಲಿಲ್ಲ. ಅಣ್ಣ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದ. ರೈಲು ಬಿಟ್ಟ. ಮೊದಲ ನೇರ ಚೆನ್ನಾಗಿ ಹೋಯಿತು, ಅಮ್ಮಾವ್ರ ಮುಖ ಅರಳಿತು. ಕರಿಬೇವಿನ ಹತ್ತಿರ ಬಿತ್ತು. ಅಣ್ಣ ನಗಲು ನೋಡಿದ, ಎತ್ತಿಟ್ಟ. ಮತ್ತೆ ಅಲ್ಲೇ ಬಿತ್ತು. ಅದನ್ನು ದಾಟಿಸಿ ಇಟ್ಟರೆ ಒಗೆಯುವ ಕಲ್ಲಿನ ಹತ್ತಿರ ಬಿತ್ತು. ಮೂರನೇ ಸಲ ಅವಸರದಲ್ಲಿ ಎತ್ತಲು ಹೋಗಿ ಒಂದು ಡಬ್ಬಿ ಮಗುಚಿದ. ಅಮ್ಮಾವ್ರು, ಸಾಕು ಬಿಡಪ್ಪ ಅಂದರು. ಮಗ ಮಂಡಿಯೂರಿ ಬಗ್ಗಿ ಆ ಜಾಗ ನೋಡಿದ. ಒಳಗೊಳಗೇ ನನಗೆ ಅವನಾದರೂ ಕಂಡುಹಿಡಿಯಲಿ ಅನ್ನಿಸಿತು. ಅವನು ಎದ್ದು ಪ್ಯಾಂಟಿನ ಮಂಡಿಯ ಮಣ್ಣು ಒರೆಸಿಕೊಂಡು, ಎರಡು ಸೈಜಿನ ಹಳಿ ಸೇರಿಸಿದರೆ ಹೀಗೇ ಆಗುವುದು, ಅಪ್ಪನೇ ಬೇಡ ಅಂತ ಬಿಟ್ಟಿದ್ದರು ಅಂದ.

ಅದೂ ಸರಿಯಲ್ಲ. ಎರಡು ಸೈಜು ಸೇರಿಸಬಹುದು. ಅಣ್ಣ ಹೇಳಿದ ಹಾಗೆ ಸೇರಿಸಿದ್ದರೆ ಇವತ್ತಿಗೂ ಓಡುತ್ತಿತ್ತು.

ಅಮ್ಮಾವ್ರು ನನ್ನ ಕಡೆ ತಿರುಗಿದರು. "ನೀನು ಕಬ್ಬಿಣದ ಕೆಲಸದೋನಲ್ವಾ? ನೀನಾದ್ರೂ ಒಂದ್ಸಲ ನೋಡ್ಬಾರ್ದಿತ್ತಾ ಇವನಿಗೆ?" ಅಂದರು. ನಾನು ತಲೆ ಕೆರೆದುಕೊಂಡೆ. ಅಷ್ಟೇ ನಾನು ಮಾಡಿದ್ದು. ನನ್ನ ಬದಲಿಗೆ ಅಣ್ಣನೇ ಉತ್ತರ ಹೇಳಿದ.

"ಅವನ್ದೇನಿಲ್ಲ ಅಮ್ಮ, ಅವ್ನು ಚೆನ್ನಾಗೇ ಮಾಡ್ಕೊಟ್ಟ. ನನ್ ಕಣ್ಣು ಓಗ್ಬುಟ್ಟದೆ. ನೀವು ತಗಂಡೋಗ್ಬುಡಿ."

ಅಮ್ಮಾವ್ರಿಗೆ ಮನಸ್ಸಿರಲಿಲ್ಲ. ಇರಲಿ, ಇನ್ನೊಂದು ದಿನ ಬರುತ್ತೇವೆ ಅಂದರು. ಮಾತು ಮಾತೇ ಅಂದ ಅಣ್ಣ. ತಾನೇ ಒಳಗಿನಿಂದ ಬಟ್ಟೆ ತಂದು ಎಂಜಿನ್ನಿನ ಗಾಲಿಗಳಿಗೆ ಅಂಟಿದ್ದ ಮಣ್ಣು ಒರೆಸಿ, ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟ. ಹಳಿ ನಮಗೆ ಬೇಡ ಅಂದರು. ಕಾರು ಹೋಯಿತು. ಅತ್ತಿಗೆ ಕೋಳಿ ಬಿಟ್ಟರು.

ಆಮೇಲೆ ಅವನು ಬೇಲಿಗೆ ದಾರ ಕಟ್ಟುವುದಕ್ಕೆ ಶುರುಮಾಡಿದ. ನನಗೆ ಮೊದಲು ಗೊತ್ತಾಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ಒಂದು ದಿನ ಬಸ್ಸಿಗೆ ಕಾಯುವಾಗ, ಅವನು ಒಂದು ಮನೆಯ ಮುಂದೆ ಗೂಟ ನೆಡುತ್ತಿದ್ದುದು ಕಂಡಿತು. ದಾರ ಎಳೆದು ಕಟ್ಟಿದ, ಕತ್ತರಿ ಹಾಕಲು ಹೋಗಿ ನಿಲ್ಲಿಸಿ ಮತ್ತೆ ದಾರ ನೋಡಿದ. ನಾನು ಮಾತಾಡಿಸದೆ ಬಸ್ಸು ಹತ್ತಿದೆ. ಪಾಂಡವಪುರದಲ್ಲಿ ಕಣ್ಣು ತೋರಿಸಿದ. ಓದುವುದಕ್ಕೊಂದು ಕನ್ನಡಕ ಬಿಟ್ಟರೆ ಏನೂ ಇಲ್ಲ ಅಂದರಂತೆ. ಆ ಡಾಕ್ಟರಿಗೆ ಏನು ಗೊತ್ತು, ಪಕ್ಕದಲ್ಲೇ ಮಲಗಿ ನೋಡಿದ ನಿನಗೆ ಕಂಡದ್ದು ನನಗೆ ಕಾಣಲಿಲ್ಲ ಅಂದ. ಇದನ್ನು ನನಗೇ ಹೇಳಿದ, ಮನೆಯ ಜಗಲಿಯಲ್ಲಿ ಕೂತು, ಕಾಫಿ ಕುಡಿಯುತ್ತ. ಆ ಲೋಟವನ್ನು ಕೆಳಗಿಡುವಷ್ಟರಲ್ಲಿ ನಾನು ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಕಾಫಿಗೆ ಸಕ್ಕರೆ ಜಾಸ್ತಿಯಾಗಿದೆ ಅಂದೆ.

ಒಂದೊಂದೇ ಮನೆಯ ಕೆಲಸ ಬಿಟ್ಟ. ಬಂಗಲೆಯದನ್ನು ಕೊನೆಗೆ ಬಿಟ್ಟ. ಕೂಲಿಗೆ ಕಬ್ಬು ಕಡಿಯಲು ಹೋಗುತ್ತಿದ್ದ, ಅದಕ್ಕೆ ಮಟ್ಟ ಬೇಕಿಲ್ಲವಲ್ಲ. ಇನ್ನೂ ಕೈಯಲ್ಲಿ ಶಕ್ತಿ ಇತ್ತು. ಹೋದ ವರ್ಷ ಮಳೆಗಾಲದಲ್ಲಿ ಎದೆ ನೋವು ಅಂತ ಕೂತವನು ಏಳಲಿಲ್ಲ. ನಾನು ಬೆಳ್ಳೂರು ಕ್ರಾಸಿನಿಂದ ಬಂದು ತಲುಪುವ ಹೊತ್ತಿಗೆ ಜಗಲಿಯಲ್ಲಿ ಮಲಗಿಸಿದ್ದರು.

ಆ ಕೀಲುಗಳನ್ನು ವಾಪಸ್ಸು ಕಳಿಸಿದ ದಿನ ನನಗೆ ಕೆಲಸ ಮಾಡಲು ಆಗಲಿಲ್ಲ. ಶೆಡ್ಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ಅರಕೆರೆಗೆ ಹೋದಾಗ ಅತ್ತಿಗೆ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹಳಿಯ ಮೇಲೆ ಕುಂಬಳದ ಬಳ್ಳಿ ಹಬ್ಬಿದೆ. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ತೀಡಿದ್ದು, ಮಣ್ಣು ಬಳಿದದ್ದು, ಪಕ್ಕದಲ್ಲಿ ಮಲಗಿ ತಗ್ಗು ಕಾಣುತ್ತದೆ ಅಂದದ್ದು. ಅವರು ಸುಲಿಯುವುದು ನಿಲ್ಲಿಸಲಿಲ್ಲ. ಕೇಳಿಸಿಕೊಳ್ಳುತ್ತಿದ್ದಾರೋ ಇಲ್ಲವೋ ಅಂತ ನನಗೆ ಅನುಮಾನ ಬಂತು. ಎಲ್ಲ ಮುಗಿದ ಮೇಲೆ ತಲೆ ಎತ್ತಿದರು.

"ಅಂಗಾರೆ ಅವ್ರ ಕಣ್ಣು ಸರ್ಯಾಗೇ ಇತ್ತಾ?"

"ಇತ್ತು ಅತ್ತಿಗೆ."

ಅವರು ಕೈಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. ಕೋಳಿಯೊಂದು ಹತ್ತಿರ ಬಂತು, ಅದನ್ನು ಓಡಿಸಲಿಲ್ಲ. ಆಮೇಲೆ ಅಂದರು: "ಕೊನೆ ಕೊನೇಲಿ ರಸ್ತೆ ದಾಟಕ್ಕೂ ನನ್ ಕೈ ಇಡ್ಕತಿದ್ರು. ಬಸ್ಸು ದೂರ ಐತೋ ಹತ್ರ ಐತೋ ನೀನೇ ಹೇಳು ಅನ್ನೋರು. ಎಲ್ಲ ಕಾಣ್ತಿತ್ತಾ ಅವ್ರಿಗೆ?"

ಬೈಯಲಿ ಅಂತ ಕಾದೆ. ನಾಲ್ಕು ಬಸ್ಸು ಹತ್ತಿ ಹೋದದ್ದೇ ಬೈಸಿಕೊಳ್ಳುವುದಕ್ಕೆ, ಅದು ಆಗ ಗೊತ್ತಾಯಿತು. ಅವರು ಬೈಯಲಿಲ್ಲ. ನಿಮ್ಮಣ್ಣನಿಗೆ ಹೇಳಬೇಕಾದ್ದನ್ನು ನನಗೆ ಯಾಕೆ ಹೇಳಿದೆ ಅಂತಲೂ ಕೇಳಲಿಲ್ಲ. ನಾನೇ ಒಂದು ಕಾಯಿ ಎತ್ತಿಕೊಂಡು ಸುಲಿಯಲು ಹೋದೆ, ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು.

ಬಸ್ಸಿಗೆ ಹೊತ್ತಾಯಿತು ಅಂದೆ. ಒಳಗೆ ಸಾರು ಕುದಿಯುತ್ತಿತ್ತು. ಆ ಮನೆಯಿಂದ ನಾನು ಊಟ ಮಾಡದೆ ಎಂದೂ ಹೊರಟವನಲ್ಲ. ಬಸ್ಸು ತಪ್ಪಿದರೂ ಸರಿ, ಎರಡು ತುತ್ತು ತಿನ್ನದೆ ಅತ್ತಿಗೆ ಬಿಡುತ್ತಿರಲಿಲ್ಲ. ಅಣ್ಣ ಸತ್ತ ದಿನವೂ ಪಕ್ಕದ ಮನೆಯಿಂದ ತರಿಸಿ ನನಗೆ ಇಕ್ಕಿದ್ದರು. ಚಪ್ಪಲಿ ಹಾಕಿಕೊಳ್ಳುವುದನ್ನು ಬೇಕಂತಲೇ ನಿಧಾನ ಮಾಡಿದೆ.

"ಹೂಂ, ಓಗ್ಬಾ," ಅಂದರು ಅತ್ತಿಗೆ.